ಹಳೆಯ ರೇಡಿಯೊಗಳಲ್ಲಿ ಕಾಯಿಲ್‌ಗಳನ್ನು ಹೊರಳಿಸುವ ಹಿಡಿಕೆ ಏಕಿತ್ತು?

1920ರ ದಶಕದ ಬ್ರಿಟನ್ನಿನ ವಾಲ್ವ್ (ಸಂಕೇತವನ್ನು ವರ್ಧಿಸುವ ನಿರ್ವಾತ ನಳಿಕೆ) ರೇಡಿಯೊಗಳಲ್ಲಿ ಎರಡು ಅಥವಾ ಮೂರು ಕಾಯಿಲ್‌ಗಳನ್ನು (ತಂತಿಯ ಸುರುಳಿಗಳನ್ನು) ಎಬೊನೈಟಿನ (ಗಟ್ಟಿ ರಬ್ಬರಿನ) ಹಿಡಿಕೆಗೆ ಸಿಕ್ಕಿಸಿ, ಒಂದನ್ನು ಸ್ಥಿರವಾಗಿಟ್ಟು, ಉಳಿದವು ಪುಸ್ತಕದ ಹಾಳೆಯಂತೆ ಹೊರಳುವ ಹಾಗೆ ಕೂರಿಸುತ್ತಿದ್ದರು. ಕಾಯಿಲ್‌ಗಳು ಮುಖಾಮುಖಿಯಾಗಿ ಸಮೀಪವಿದ್ದಾಗ ಅವುಗಳ ಕಾಂತೀಯ ಜೋಡಣೆ ಪ್ರಬಲವಾಗಿರುತ್ತದೆ. ಲಂಬಕೋನಕ್ಕೆ ಸರಿದಂತೆ ಅದು ತೀರ ಕ್ಷೀಣಿಸುತ್ತದೆ. ತರಂಗಾಂತರ ಬದಲಿಸಲು ಕಾಯಿಲನ್ನೇ ಕಿತ್ತು ಬೇರೊಂದನ್ನು ಸಿಕ್ಕಿಸಿದರಾಯಿತು.

ಮುಖ್ಯ ಪ್ರಯೋಜನವಿದ್ದುದು ಮರುಪೂರಣದಲ್ಲಿ, ಅಂದರೆ ವರ್ಧಿಸಿದ ಸಂಕೇತದ ಒಂದಂಶವನ್ನು ಮತ್ತೆ ಒಳಕ್ಕೆ ಕಳಿಸುವುದರಲ್ಲಿ. ವಾಲ್ವಿನ ಆನೋಡ್ (ಸಂಕೇತ ಹೊರಬರುವ ತುದಿ) ಪ್ರವಾಹವು ಚಲಿಸುವ ಕಾಯಿಲಿನ ಮೂಲಕ ಹರಿದು, ಗ್ರಿಡ್ (ಸಂಕೇತ ಒಳಹೋಗುವ ತುದಿ) ಕಾಯಿಲಿಗೆ ಶಕ್ತಿಯನ್ನು ಹಿಂತಿರುಗಿಸಿ ಅಲ್ಲಿನ ನಷ್ಟವನ್ನು ತುಂಬುತ್ತಿದ್ದುದರಿಂದ, ಒಂದೇ ವಾಲ್ವಿನಲ್ಲೂ ದೂರದ ದುರ್ಬಲ ಕೇಂದ್ರಗಳು ಕೇಳಿಸುತ್ತಿದ್ದವು. ಆದರೆ ಕಾಯಿಲ್ ತುಸು ಹೆಚ್ಚು ಹತ್ತಿರವಾದರೂ ರೇಡಿಯೊ ತಾನೇ ಆಂದೋಲಿಸಿ, ಪ್ರೇಷಕವಾಗಿ, ನೆರೆಹೊರೆಯವರ ರೇಡಿಯೊಗಳಲ್ಲೂ ಸಿಳ್ಳೆ ಎಬ್ಬಿಸುತ್ತಿತ್ತು (ಬೈಗುಳಕ್ಕೇನೂ ಕೊರತೆಯಿರಲಿಲ್ಲ). ಆದ್ದರಿಂದಲೇ ಉತ್ತಮ ಹಿಡಿಕೆಗಳಲ್ಲಿ ನಿಧಾನವಾಗಿ ತಿರುಗುವ ಹಲ್ಲುಚಕ್ರವೂ, ಕೈಯ ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಗುಣ) ಶ್ರುತಿಯನ್ನು ಕೆಡಿಸದಂತೆ ಉದ್ದನೆಯ ಕಡ್ಡಿಯೂ ಇರುತ್ತಿದ್ದವು.