ಸಂದರ್ಶನ ಮುಗಿದು ಹನ್ನೆರಡು ದಿನ, ಉತ್ತರವಿಲ್ಲ: ಕೇಳಬಹುದೇ?

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ದುಡಿದಿದ್ದೇನೆ. ಈಚೆಗೆ ಬೆಂಗಳೂರಿನ ಪೀಣ್ಯದ ಕಂಪನಿಯೊಂದರಲ್ಲಿ ಗುಣಮಟ್ಟ ಪರಿಶೀಲಕ ಹುದ್ದೆಗೆ ಸಂದರ್ಶನವಾಯಿತು. ಮೂವರು ಕುಳಿತು ಮುಕ್ಕಾಲು ಗಂಟೆ ಮಾತನಾಡಿಸಿದರು. ‘ನಾವೇ ತಿಳಿಸುತ್ತೇವೆ’ ಎಂದು ಕಳಿಸಿದರು. ಹನ್ನೆರಡು ದಿನವಾಯಿತು, ಸುದ್ದಿಯಿಲ್ಲ. ಕೇಳಿದರೆ ಗಂಟುಬಿದ್ದ ಎಂದುಕೊಳ್ಳುತ್ತಾರೇನೋ, ಕೇಳದಿದ್ದರೆ ಮರೆತೇಬಿಡುತ್ತಾರೇನೋ. ಮನೆಯಲ್ಲಿ ಅಮ್ಮ ದಿನವೂ ಕೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಕೇಳಿ. ಇನ್ನು ಮುಂದೂಡಬೇಡಿ. ಹನ್ನೆರಡು ದಿನ ಕಾದು ಒಂದು ಮಾತು ಕೇಳುವವರನ್ನು ಯಾವ ಕಚೇರಿಯೂ ಅವಸರದವರು ಎಂದು ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ನೇಮಕಾತಿ ವಿಭಾಗದಲ್ಲಿದ್ದ ನನಗೆ ನಿಮ್ಮ ಈ ಸಂಕೋಚ ಚೆನ್ನಾಗಿ ಗೊತ್ತು. ನಮ್ಮ ಕಡೆಯ ಮಕ್ಕಳು, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಕೆಲಸ ಬಲ್ಲವರಾಗಿದ್ದರೂ ‘ಕೇಳಿದರೆ ಏನಂದುಕೊಳ್ಳುತ್ತಾರೋ’ ಎಂದು ಹಿಂದೆ ಸರಿಯುತ್ತಾರೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲೂಡುವುದಿಲ್ಲ ಎಂದು ಹೇಳುವವರೂ ನಾವೇ.

ಮೊದಲು, ಆ ಹನ್ನೆರಡು ದಿನಗಳಲ್ಲಿ ಅಲ್ಲಿ ಏನಾಗುತ್ತಿರಬಹುದು ಎಂದು ಹೇಳುತ್ತೇನೆ. ಇದು ಗೊತ್ತಾದರೆ ಅರ್ಧ ಸಂಕಟ ಇಳಿಯುತ್ತದೆ. ನಿಮ್ಮನ್ನು ಮಾತನಾಡಿಸಿದ ಮೂವರೂ ತಮ್ಮ ಅಭಿಪ್ರಾಯವನ್ನು ಬರೆದು ಕೊಡಬೇಕು. ಅವರಲ್ಲಿ ಒಬ್ಬರು ಗ್ರಾಹಕ ಕಂಪನಿಯ ಆಡಿಟ್‌ನಲ್ಲಿ ಮುಳುಗಿದ್ದರೆ ಒಂದು ವಾರ ಹೋಯಿತು. ನಿಮ್ಮ ನಂತರ ಇನ್ನೂ ನಾಲ್ವರನ್ನು ನೋಡಬೇಕಿದ್ದರೆ ಮತ್ತೊಂದು ವಾರ. ಆಮೇಲೆ ಸಂಬಳಕ್ಕೆ ಹಣಕಾಸು ವಿಭಾಗದ ಒಪ್ಪಿಗೆ ಬೇಕು. ಅದು ಮಾರ್ಚ್ ತಿಂಗಳಾಗಿದ್ದರೆ, ಹೊಸ ಹುದ್ದೆಯ ಕಡತ ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷದ ಲೆಕ್ಕ ತೆರೆಯುವವರೆಗೆ ಅಲ್ಲಾಡದೆ ಕುಳಿತಿರುವುದುಂಟು.

ಇನ್ನೊಂದು ಕಾರಣವನ್ನು ಅಭ್ಯರ್ಥಿಗಳಿಗೆ ಯಾರೂ ಹೇಳುವುದಿಲ್ಲ. ನೇಮಕಾತಿಯವರ ಎಕ್ಸೆಲ್ ಹಾಳೆಯಲ್ಲಿ ‘ಆಯ್ಕೆ’, ‘ತಿರಸ್ಕೃತ’ ಎಂಬ ಎರಡು ಕಾಲಂಗಳ ನಡುವೆ ‘ಹೋಲ್ಡ್’ ಎಂಬ ಮೂರನೆಯದೊಂದು ಇರುತ್ತದೆ. ಮೊದಲ ಸ್ಥಾನದ ಅಭ್ಯರ್ಥಿಗೆ ಪತ್ರ ಹೋಗಿರುತ್ತದೆ. ಆತ ಈಗಿನ ಕಂಪನಿಯಲ್ಲಿ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಎರಡು ಮೂರು ತಿಂಗಳ ನೋಟಿಸ್ ಅವಧಿ ಮುಗಿಸಿ ಬರಬೇಕು. ಬರುತ್ತಾನೋ ಇಲ್ಲವೋ ಖಾತ್ರಿಯಿಲ್ಲ. ಹಾಗಾಗಿ ಎರಡನೆಯ, ಮೂರನೆಯ ಸ್ಥಾನದವರಿಗೆ ಹೂಂ ಎನ್ನುವುದಿಲ್ಲ, ಊಹೂಂ ಎಂದೂ ಅನ್ನುವುದಿಲ್ಲ.

ನಾನಿದ್ದ ಒಂದು ಸಂಸ್ಥೆಯಲ್ಲಿ ಹೀಗೆ ಮೂವರನ್ನು ಹೋಲ್ಡ್‌ನಲ್ಲಿ ಇಟ್ಟಿದ್ದೆವು. ಎಪ್ಪತ್ತನೆಯ ದಿನ ಮೊದಲ ಅಭ್ಯರ್ಥಿ ಬರುವುದಿಲ್ಲ ಎಂದು ತಿಳಿಸಿದ. ಅವನ ಹಳೆಯ ಕಂಪನಿಯವರೇ ಸಂಬಳ ಏರಿಸಿ ಉಳಿಸಿಕೊಂಡಿದ್ದರು. ಹಾಳೆ ತೆರೆದು ಆ ಮೂವರ ಪೈಕಿ ನಾನು ಮೊದಲು ಫೋನ್ ಮಾಡಿದ್ದು, ನಡುವೆ ಎರಡು ಸಲ ಇಮೇಲ್ ಬರೆದಿದ್ದ ಹುಡುಗನಿಗೆ. ಅಂಕದಲ್ಲಿ ಮೂವರೂ ಹೆಚ್ಚು ಕಡಿಮೆ ಒಂದೇ. ಆದರೆ ಇವನಿಗೆ ಈ ಕೆಲಸ ಇನ್ನೂ ಬೇಕಾಗಿದೆ ಎಂಬುದು ನನಗೆ ಗೊತ್ತಿತ್ತು. ಉಳಿದಿಬ್ಬರ ಬಗ್ಗೆ ಗೊತ್ತಿರಲಿಲ್ಲ. ಆ ಎಪ್ಪತ್ತು ದಿನಗಳಲ್ಲಿ ಮೂವರಿಗೂ ಒಂದೊಂದು ಸಾಲು ಬರೆಯದೆ ಹೋದದ್ದು ನಮ್ಮ ತಪ್ಪು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಈಗ ಹೇಗೆ ಕೇಳಬೇಕು ಎನ್ನುವುದು. ಸಂದರ್ಶನಕ್ಕೆ ಕರೆದ ಇಮೇಲ್ ನಿಮ್ಮಲ್ಲಿ ಇರುತ್ತದೆ. ಹೊಸದನ್ನು ಶುರು ಮಾಡದೆ ಅದಕ್ಕೇ ಉತ್ತರಿಸಿ; ಓದುವವರಿಗೆ ನಿಮ್ಮ ಹಿಂದಿನ ವಿವರವೆಲ್ಲ ಕೆಳಗೇ ಸಿಗುತ್ತದೆ. ಕರೆದವರೊಬ್ಬರಿಗೇ ಬರೆಯಿರಿ, ಮೂವರಿಗೂ ಪ್ರತಿ ಕಳಿಸಬೇಡಿ. ಸೋಮವಾರ ಬೆಳಿಗ್ಗೆಯೂ ಬೇಡ, ಶುಕ್ರವಾರ ಸಂಜೆಯೂ ಬೇಡ. ಮಂಗಳವಾರ, ಬುಧವಾರ ಹತ್ತು ಹನ್ನೊಂದರ ಹೊತ್ತು ಒಳ್ಳೆಯದು. ಪತ್ರ ಇಂಗ್ಲಿಷಿನಲ್ಲೇ ಹೋಗಬೇಕಾಗಬಹುದು, ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಹೇಳಬೇಕಾದ್ದು ನಿಮಗೇ ಸ್ಪಷ್ಟವಾಗುತ್ತದೆ, ಕಡ ತಂದ ಭಾರದ ಪದಗಳು ನುಸುಳುವುದಿಲ್ಲ. ಇಷ್ಟಿದ್ದರೆ ಸಾಕು:

‘ಮಾನ್ಯರೇ, ಇದೇ ತಿಂಗಳ 6ರಂದು ಗುಣಮಟ್ಟ ಪರಿಶೀಲಕ ಹುದ್ದೆಯ ಸಂದರ್ಶನಕ್ಕೆ ಬಂದಿದ್ದೆ. ಅಂದು ನೀವು ವಿವರಿಸಿದ ಕೆಲಸ ನನಗೆ ಒಪ್ಪಿಗೆಯಾಗಿದೆ, ನನ್ನ ಆಸಕ್ತಿ ಹಾಗೆಯೇ ಇದೆ. ಆಯ್ಕೆ ಯಾವ ಹಂತದಲ್ಲಿದೆ, ಯಾವಾಗ ತಿಳಿಯಬಹುದು ಎಂದು ಹೇಳಿದರೆ ಉಪಕಾರವಾಗುತ್ತದೆ. ಇನ್ನಾವುದಾದರೂ ದಾಖಲೆ ಬೇಕಿದ್ದರೆ ಕೂಡಲೇ ಕಳಿಸುತ್ತೇನೆ.’

ಕೆಳಗೆ ಹೆಸರು, ಮೊಬೈಲ್ ಸಂಖ್ಯೆ. ಮನೆಯ ಕಷ್ಟ ಬರೆಯಬೇಡಿ. ಅದು ನಿಜವೇ ಇರುತ್ತದೆ, ಓದಿದವರ ಮನಸ್ಸೂ ನೋಯುತ್ತದೆ. ಆದರೆ ಆಯ್ಕೆಯ ಹಾಳೆಯಲ್ಲಿ ಅದನ್ನು ತುಂಬಲು ಕಾಲಂ ಇಲ್ಲ. ‘ಬೇರೆ ಕಂಪನಿಯವರು ಕರೆಯುತ್ತಿದ್ದಾರೆ’ ಎಂದು ಸುಳ್ಳೂ ಬರೆಯಬೇಡಿ. ‘ಹಾಗಾದರೆ ಅಲ್ಲಿಗೇ ಹೋಗಿ’ ಎಂದರೆ ಮುಂದಿನ ಮಾತು ನಿಮ್ಮ ಬಳಿ ಇರುವುದಿಲ್ಲ. ನಿಜವಾಗಿಯೂ ಇನ್ನೊಂದು ಕೆಲಸ ಸಿಕ್ಕಿದ್ದರೆ ಮಾತ್ರ, ಯಾವ ದಿನದೊಳಗೆ ಅವರಿಗೆ ಉತ್ತರ ಕೊಡಬೇಕಿದೆ ಎಂದು ದಿನಾಂಕ ಸಮೇತ ತಿಳಿಸಿ.

ಒಂದು ವಾರ ಕಳೆದರೂ ಉತ್ತರವಿಲ್ಲವೆಂದರೆ ಒಮ್ಮೆ ಫೋನ್ ಮಾಡಿ. ಹೆಸರು, ಹುದ್ದೆ, ಸಂದರ್ಶನದ ದಿನ, ಒಂದು ಪ್ರಶ್ನೆ, ಒಂದು ನಿಮಿಷ. ಅವರೇ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡಿಸಿದ್ದರೆ ಅಲ್ಲಿ ಕೇಳಬಹುದು, ಇಲ್ಲದಿದ್ದರೆ ಬೇಡ. ಮತ್ತೆ ಹತ್ತು ಹದಿನೈದು ದಿನಕ್ಕೆ ಕೊನೆಯ ಇಮೇಲ್. ಅಲ್ಲಿಗೆ ನಿಲ್ಲಿಸಿ. ಗೇಟಿನ ಬಳಿ ಹೋಗಿ ನಿಲ್ಲಬಹುದೇ ಎಂದು ಕೆಲವರು ಕೇಳುತ್ತಾರೆ. ಮಾಲೀಕರೇ ಯಂತ್ರದ ಪಕ್ಕ ನಿಂತಿರುವ ಹದಿನೈದು ಇಪ್ಪತ್ತು ಜನರ ವರ್ಕ್‌ಶಾಪ್ ಆದರೆ ಖಂಡಿತ ಹೋಗಿ, ಅಲ್ಲಿ ಮುಖ ತೋರಿಸಿದವರಿಗೇ ಕೆಲಸ. ದೊಡ್ಡ ಕಂಪನಿಯಾದರೆ ಕಾವಲುಗಾರರೇ ವಾಪಸ್ ಕಳಿಸುತ್ತಾರೆ. ಬಸ್ ಚಾರ್ಜ್ ದಂಡ.

ಮುಂದಿನ ಸಲ ಇಷ್ಟು ಒದ್ದಾಡದಿರಲು ಒಂದು ಮಾತು. ಕುರ್ಚಿಯಿಂದ ಏಳುವ ಮುನ್ನ ‘ಯಾವ ದಿನದೊಳಗೆ ತಿಳಿಯಬಹುದು, ಯಾರನ್ನು ವಿಚಾರಿಸಲಿ’ ಎಂದು ಕೇಳಿಕೊಂಡೇ ಬನ್ನಿ. ಅವರು ಹೇಳಿದ ದಿನದ ಮೇಲೆ ಎರಡು ದಿನ ಬಿಟ್ಟು ಬರೆದರೆ ಸಂಕೋಚದ ಪ್ರಶ್ನೆಯೇ ಇಲ್ಲ, ಅವರ ಮಾತನ್ನೇ ಅವರಿಗೆ ನೆನಪಿಸುತ್ತಿರುತ್ತೀರಿ.

ಸಂದರ್ಶನವಾದ ದಿನ ಸಂಜೆ ಅಥವಾ ಮರುದಿನ ಬೆಳಿಗ್ಗೆ ಕೃತಜ್ಞತೆಯ ನಾಲ್ಕು ಸಾಲು ಕಳಿಸಿ. ಇದನ್ನು ಬರಿಯ ಉಪಚಾರ ಎಂದುಕೊಂಡಿದ್ದ ನನ್ನ ಅಭಿಪ್ರಾಯ ಬದಲಾದದ್ದು ಒಬ್ಬ ಯುವತಿಯಿಂದ. ಲೇತ್ ಯಂತ್ರದಲ್ಲಿ ಕಡೆದ ಶಾಫ್ಟ್‌ನ ಮೈಮೇಲೆ ಅಲೆಯಂತೆ ಗೆರೆ ಬೀಳುತ್ತಿದ್ದರೆ ಏನು ಕಾರಣ ಎಂದು ನಮ್ಮ ಉತ್ಪಾದನಾ ವ್ಯವಸ್ಥಾಪಕರು ಆಕೆಯನ್ನು ಕೇಳಿದ್ದರು. ಆಕೆ ವೇಗ ಹೆಚ್ಚಾಗಿರಬಹುದು ಎಂದಷ್ಟೇ ಹೇಳಿ ತಡವರಿಸಿದರು. ಮರುದಿನ ಬೆಳಿಗ್ಗೆ ಇಮೇಲ್ ಬಂತು: ‘ನಿನ್ನೆ ನನ್ನ ಉತ್ತರ ಅಪೂರ್ಣವಾಗಿತ್ತು. ಕತ್ತರಿಸುವ ಟೂಲ್ ಅದರ ಹೋಲ್ಡರ್‌ನಿಂದ ಹೆಚ್ಚು ಹೊರಚಾಚಿದ್ದರೂ ಅದುರಿ ಹಾಗಾಗುತ್ತದೆ. ನಾನಾಗಿದ್ದರೆ ಮೊದಲು ಟೂಲನ್ನು ಹಿಂದಕ್ಕೆ ಸರಿಸಿ ಬಿಗಿದು ನೋಡುತ್ತಿದ್ದೆ.’ ವ್ಯವಸ್ಥಾಪಕರು ಅದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲಿಟ್ಟು, ‘ಮನೆಗೆ ಹೋದ ಮೇಲೂ ಯೋಚಿಸಿದ್ದಾಳೆ ನೋಡಿ’ ಎಂದರು. ನೀವೂ ಈಗ ಬರೆಯುವ ಇಮೇಲ್‌ಗೆ ಅಂಥದ್ದೊಂದು ಸಾಲು ಸೇರಿಸಲು ಸಾಧ್ಯವೇ, ನೆನಪು ಮಾಡಿಕೊಳ್ಳಿ. ಮುಕ್ಕಾಲು ಗಂಟೆಯಲ್ಲಿ ನೀವು ಅರ್ಧ ಉತ್ತರಿಸಿದ ಪ್ರಶ್ನೆ ಒಂದಾದರೂ ಇದ್ದೇ ಇರುತ್ತದೆ.

ಈ ನಡುವೆ ಬೇರೆ ಕಡೆಗೆ ಅರ್ಜಿ ಹಾಕುವುದನ್ನು ಒಂದು ದಿನವೂ ನಿಲ್ಲಿಸಬೇಡಿ. ಅಮ್ಮನಿಗೆ ‘ಕೇಳಿದ್ದೇನೆ, ಇಂಥ ದಿನದೊಳಗೆ ಗೊತ್ತಾಗುತ್ತದೆ’ ಎಂದು ಹೇಳಿ. ಅವರಿಗೂ ಒಂದು ದಿನಾಂಕ ಬೇಕಾಗಿದೆ.

ಪ್ರಶ್ನೆ: ಮಗ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಎರಡು ಸುತ್ತು ಮುಗಿಸಿದ್ದಾನೆ. ಅವನದು ನಾಚಿಕೆಯ ಸ್ವಭಾವ. ನಾನೇ ಫೋನ್ ಮಾಡಿ ವಿಚಾರಿಸಲೇ? ನನ್ನ ಭಾವಮೈದುನನಿಗೆ ಅಲ್ಲಿನ ದೊಡ್ಡ ಅಧಿಕಾರಿಯೊಬ್ಬರು ಪರಿಚಯ, ಅವರಿಂದ ಹೇಳಿಸಬಹುದೇ?
– ತಂದೆ, ತುಮಕೂರು

ಉತ್ತರ: ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೂ ದಯವಿಟ್ಟು ಫೋನ್ ಮಾಡಬೇಡಿ. ಅವರು ನಿಮ್ಮೊಡನೆ ಮರ್ಯಾದೆಯಿಂದಲೇ ಮಾತನಾಡುತ್ತಾರೆ, ಫೋನ್ ಇಟ್ಟ ಮೇಲೆ ‘ಗ್ರಾಹಕರ ಜೊತೆ ಈ ಹುಡುಗ ಹೇಗೆ ಮಾತನಾಡುತ್ತಾನೆ’ ಎಂಬ ಅನುಮಾನ ಅವರಲ್ಲಿ ಹುಟ್ಟುತ್ತದೆ. ಅವನ ಪಕ್ಕ ಕುಳಿತು ಇಮೇಲ್ ಬರೆಸಿ, ಎರಡು ಸಲ ಫೋನ್ ಮಾತು ಅಭ್ಯಾಸ ಮಾಡಿಸಿ. ಕಳಿಸುವುದು, ಮಾತನಾಡುವುದು ಅವನೇ ಆಗಲಿ.

ವಶೀಲಿಯ ವಿಚಾರ. ಕಂಪನಿಯಲ್ಲಿ ಕೆಲಸ ಮಾಡುತ್ತಿರುವ ಗೆಳೆಯ ಆರಂಭದಲ್ಲೇ ನಿಯಮದಂತೆ ರೆಫರಲ್ (ಒಳಗಿನ ಉದ್ಯೋಗಿಯ ಶಿಫಾರಸು) ಹಾಕಿದ್ದರೆ ಆತ ಸ್ಥಿತಿಗತಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಎರಡು ಸುತ್ತು ಮುಗಿದ ಮೇಲೆ ಮೇಲಿನಿಂದ ಹೇಳಿಸುವುದು ಬೇರೆ. ಸ್ವಂತ ಸಾಮರ್ಥ್ಯದಿಂದ ಅಲ್ಲಿಯವರೆಗೆ ಬಂದ ಹುಡುಗನಿಗೆ ‘ಯಾರೋ ಹೇಳಿಸಿದವನು’ ಎಂಬ ಹೆಸರು ಸೇರುವ ಮೊದಲೇ ಅಂಟಿಕೊಳ್ಳುತ್ತದೆ.

ಸರ್ಕಾರಿ ಹುದ್ದೆಗಳಿಗೂ ಹೀಗೆಯೇ ಕೇಳಬಹುದೇ ಎಂದು ಹಲವರು ಬರೆದಿದ್ದಾರೆ. ಬೇಡ. ಅಲ್ಲಿ ಪ್ರಭಾವ ಬೀರುವ ಯತ್ನವೇ ಅನರ್ಹತೆಗೆ ಕಾರಣವಾಗುತ್ತದೆ, ಅಧಿಸೂಚನೆಗಳಲ್ಲಿ ಅದನ್ನು ಸ್ಪಷ್ಟವಾಗಿ ಅಚ್ಚು ಹಾಕಿರುತ್ತಾರೆ. ಆಯೋಗದ ಜಾಲತಾಣ ನೋಡುತ್ತಿರಿ. ಪ್ರಕ್ರಿಯೆ ಮುಗಿದ ಮೇಲೆ ನಿಮ್ಮ ಅಂಕಗಳ ವಿವರ ಬೇಕೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನಗಳ ಗಡುವಿದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗಂತೂ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ‘ಆ ಸಂದರ್ಶನದಲ್ಲಿ ಪಾಸು ಮಾಡಿಸುತ್ತೇನೆ’ ಎಂದು ಬರುವವನು ಮೋಸಗಾರ.

ಪ್ರಶ್ನೆ: ‘ನೀವು ಆಯ್ಕೆಯಾಗಿದ್ದೀರಿ’ ಎಂದು ಫೋನಿನಲ್ಲಿ ಹೇಳಿ ಮೂರು ವಾರವಾಯಿತು, ಆಫರ್ ಲೆಟರ್ ಬಂದಿಲ್ಲ. ಈಗಿನ ಕಂಪನಿಯಲ್ಲಿ 90 ದಿನಗಳ ನೋಟಿಸ್. ಬೇಗ ಸೇರಬೇಕು ಎನ್ನುತ್ತಿದ್ದಾರೆ. ರಾಜೀನಾಮೆ ಕೊಟ್ಟುಬಿಡಲೇ?
– ಓದುಗರು, ಮೈಸೂರು

ಉತ್ತರ: ಕೊಡಬೇಡಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ, ಎರಡೂ ಕೆಲಸ ಇಲ್ಲದೆ ಬಾಡಿಗೆ ಮನೆಯಲ್ಲಿ ಕುಳಿತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೋನಿನಲ್ಲಿ ಹೇಳಿದವರು ಸುಳ್ಳು ಹೇಳಿರಬೇಕೆಂದಿಲ್ಲ. ಅವರು ಹೇಳಿದ ಮೇಲೆ ಬಜೆಟ್ ಕಡಿತವಾಗಬಹುದು, ಹುದ್ದೆಯೇ ರದ್ದಾಗಬಹುದು, ಹೇಳಿದವರೇ ಕೆಲಸ ಬಿಟ್ಟಿರಬಹುದು.

ನಿಮ್ಮ 90 ದಿನಗಳನ್ನೇ ಬಳಸಿಕೊಳ್ಳಿ. ‘ಆಫರ್ ಲೆಟರ್ ಕೈಸೇರಿದ ದಿನವೇ ರಾಜೀನಾಮೆ ಕೊಡುತ್ತೇನೆ. ಅಂದಿನಿಂದ 90 ದಿನಕ್ಕೆ ಸೇರಬಲ್ಲೆ. ಪತ್ರ ತಡವಾದಷ್ಟೂ ಸೇರುವ ದಿನ ಮುಂದೆ ಹೋಗುತ್ತದೆ’ ಎಂದು ಬರೆಯಿರಿ. ಇದು ಒತ್ತಾಯವಲ್ಲ, ಲೆಕ್ಕ. ಅವಸರ ಅವರಿಗಿದ್ದರೆ ಪತ್ರ ಬರುತ್ತದೆ. ಬಂದ ಮೇಲೆ ಹುದ್ದೆಯ ಹೆಸರು, ಸಂಬಳದ ವಿಂಗಡಣೆ, ಸೇರುವ ದಿನ, ಕೆಲಸದ ಊರು, ಪ್ರೊಬೇಷನ್ ಅವಧಿ ಇವನ್ನು ಓದಿ. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದು ತೋರಿಸಿದ ಮೊತ್ತಕ್ಕೂ ತಿಂಗಳ ಕೊನೆಗೆ ಕೈಗೆ ಬರುವುದಕ್ಕೂ ಅಂತರವಿರುತ್ತದೆ. ಅನುಮಾನ ಬಂದದ್ದನ್ನು ಸಹಿ ಮಾಡುವ ಮುಂಚೆಯೇ ಕೇಳಿ.

ಪ್ರಶ್ನೆ: ಆನ್‌ಲೈನ್ ಸಂದರ್ಶನವಾದ ಮರುದಿನವೇ ಆಯ್ಕೆ ಎಂದರು. ಲ್ಯಾಪ್‌ಟಾಪ್ ಕಳಿಸಲು ಮರುಪಾವತಿಯಾಗುವ ಠೇವಣಿ ಕಟ್ಟಬೇಕಂತೆ. ಕಟ್ಟಲೇ?
– ಓದುಗರು, ಬಳ್ಳಾರಿ

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ, ಆಧಾರ್ ಮತ್ತು ಬ್ಯಾಂಕ್ ವಿವರವನ್ನೂ ಕೊಡಬೇಡಿ. ಕೆಲಸ ಕೊಡುವವರು ಹಣ ಕೇಳುವುದಿಲ್ಲ. ಈಗಾಗಲೇ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಖಾಸಗಿ ಶಾಲೆಯೊಂದರಲ್ಲಿ ಗಣಿತ ಶಿಕ್ಷಕಿಯ ಹುದ್ದೆಗೆ ಪಾಠ ಮಾಡಿ ತೋರಿಸಿದೆ. ಮಕ್ಕಳು ಚೆನ್ನಾಗಿ ಸ್ಪಂದಿಸಿದರು. ಆದರೂ ಬೇರೆಯವರನ್ನು ಆರಿಸಿದ್ದೇವೆ ಎಂದು ಇಮೇಲ್ ಬಂತು. ಅದಕ್ಕೆ ಉತ್ತರಿಸುವುದರಲ್ಲಿ ಅರ್ಥವಿದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಇದೆ, ಇವತ್ತಿನ ನೋವು ಸ್ವಲ್ಪ ಆರಿದ ಮೇಲೆ, ನಾಳೆ. ಹನ್ನೆರಡು ದಿನದಿಂದ ಒಂದು ಸಾಲಿಗೆ ಕಾಯುತ್ತಿರುವ ಹುಬ್ಬಳ್ಳಿಯ ಓದುಗರನ್ನು ನೆನೆದರೆ, ‘ಇಲ್ಲ’ ಎಂದು ಬರೆದು ತಿಳಿಸಿದ ಆ ಶಾಲೆ ಒಂದು ಒಳ್ಳೆಯ ಕೆಲಸ ಮಾಡಿದೆ. ಮೊದಲು ಅದಕ್ಕೆ ಧನ್ಯವಾದ ಹೇಳಿ. ಏಕೆ ಆರಿಸಲಿಲ್ಲ ಎಂದು ಕೇಳಿದರೆ ಉತ್ತರ ಬಾರದು, ಕಾರಣವನ್ನು ಬರೆದುಕೊಡಲು ಸಂಸ್ಥೆಗಳು ಹಿಂಜರಿಯುತ್ತವೆ. ‘ನನ್ನ ಪಾಠದಲ್ಲಿ ಸುಧಾರಿಸಿಕೊಳ್ಳಬೇಕಾದ ಒಂದು ಅಂಶ ಹೇಳುವಿರಾ’ ಎಂದು ಮುಖ್ಯೋಪಾಧ್ಯಾಯರನ್ನು ಫೋನಿನಲ್ಲಿ ಕೇಳಿದರೆ ಅನೇಕರು ಮನಸ್ಸು ಬಿಚ್ಚಿ ಹೇಳುತ್ತಾರೆ.

ಶಾಲೆಗಳಲ್ಲಿ ಜೂನ್‌ನಲ್ಲಿ ಸೇರಿದ ಶಿಕ್ಷಕರೆಲ್ಲ ವರ್ಷವಿಡೀ ಉಳಿಯುವುದಿಲ್ಲ. ಮದುವೆ, ಹೆರಿಗೆ, ವರ್ಗಾವಣೆಯಾದ ಗಂಡ, ಸರ್ಕಾರಿ ಕೆಲಸದ ಆದೇಶ, ಹೀಗೆ ನಡುವೆ ಜಾಗ ಖಾಲಿಯಾಗುತ್ತದೆ. ಗಣಿತದವರು ಹೋದರೆ ಹತ್ತನೇ ತರಗತಿ ಮುಂದಿಟ್ಟುಕೊಂಡ ಶಾಲೆಗೆ ಒಂದು ವಾರವೂ ದೊಡ್ಡದು. ಆಗ ಜಾಹೀರಾತು ಕೊಡಲು ಪುರುಸೊತ್ತಿರುವುದಿಲ್ಲ, ಪಾಠ ಕೇಳಿ ಮೆಚ್ಚಿದವರ ನಂಬರ್ ಹುಡುಕುತ್ತಾರೆ. ‘ವರ್ಷದ ನಡುವೆ ಅಗತ್ಯ ಬಿದ್ದರೂ ಬರಲು ಸಿದ್ಧಳಿದ್ದೇನೆ’ ಎಂಬ ಸಾಲನ್ನು ನಾಳಿನ ಇಮೇಲ್‌ನಲ್ಲಿ ಸೇರಿಸಿ. ಆಗಲೂ ನಿಮ್ಮ ಕೈ ಖಾಲಿಯಿದ್ದರೆ, ದಸರಾ ರಜೆಗೆ ಒಂದು ವಾರ ಮುಂಚೆ ಅದೇ ಇಮೇಲ್‌ನ ಕೆಳಗೆ ಇನ್ನೊಮ್ಮೆ ಬರೆಯಿರಿ.