ಸುನಾಮಿ ಬಂದ ಊರಲ್ಲಿ ಮಾನವ ಹಕ್ಕಿನ ಮಾತು ಯಾಕೆ?

ನಿಮ್ಮ ಪ್ರಶ್ನೆ ಇದು: ಸುನಾಮಿ, ಚಂಡಮಾರುತ ಬಂದಾಗ ಮೊದಲು ಅನ್ನ, ನೀರು, ಸೂರು ಕೊಡಬೇಕು. ಆ ಹೊತ್ತಲ್ಲಿ ಮಾನವ ಹಕ್ಕು ಅಂತ ತಕರಾರು ತೆಗೆಯುವುದು ಸರಿಯಾ?

ಮೊದಲು ಅನ್ನ, ನೀರು ಕೊಡಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅಂತ ಕೇಳುವುದೇ ಹಕ್ಕಿನ ಮಾತು ಅಲ್ವಾ? ಆಮೇಲೆ ಕೇಳೋಣ ಅಂದರೆ ಅಷ್ಟು ಹೊತ್ತಿಗೆ ಫಲಾನುಭವಿಗಳ ಪಟ್ಟಿ ಬರೆದು ಮುಗಿದಿರುತ್ತದೆ.

2004ರ ಡಿಸೆಂಬರ್ 26ರ ಸುನಾಮಿಗೆ ತಮಿಳುನಾಡಿನಲ್ಲಿ ಸುಮಾರು 8,000 ಜನ ಸತ್ತರು. ಅದರಲ್ಲಿ ಸುಮಾರು 6,000 ಜನ ನಾಗಪಟ್ಟಣಂ ಜಿಲ್ಲೆ ಒಂದರಲ್ಲೇ. ಮುಂದಿನ ತಿಂಗಳು ನಾನು ಬೆಂಗಳೂರಿನ ಒಂದು ಗುಂಪಿನ ಜೊತೆ ಅಲ್ಲಿಗೆ ಹೋಗಿದ್ದೆ. ಸಾಮಾನಿಗೇನೂ ಬರ ಇರಲಿಲ್ಲ. ದಾನ ಬಂದ ಹಳೇ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು, ಯಾರೂ ಮುಟ್ಟುತ್ತಿರಲಿಲ್ಲ. (ಆ ಸೆಕೆಯಲ್ಲಿ ಸ್ವೆಟರ್ ಕಳಿಸಿದ ಪುಣ್ಯಾತ್ಮರು ಯಾರೋ!)

ಹಳ್ಳಿಗಳಿಗೆ ನೆರವು ಹೋಗುತ್ತಿದ್ದದ್ದು ಹೆಚ್ಚಾಗಿ ಮೀನುಗಾರರ ಊರ ಪಂಚಾಯತಿ (ಚುನಾಯಿತ ಗ್ರಾಮ ಪಂಚಾಯತಿ ಅಲ್ಲ, ಜಾತಿಯ ಹಿರಿಯರದ್ದು) ಮೂಲಕ. ಅವರ ಒಗ್ಗಟ್ಟು ದೊಡ್ಡದು. ಅದಿಲ್ಲದಿದ್ದರೆ ಆ ಗದ್ದಲದಲ್ಲಿ ಹಂಚುವುದೇ ಕಷ್ಟವಾಗುತ್ತಿತ್ತು. ಆದರೆ ಪಂಚಾಯತಿಯಲ್ಲಿ ಕೂರುವವರು ಗಂಡಸರು, ಅದೂ ಒಂದೇ ಜಾತಿಯವರು. ದಡದಿಂದ ಸ್ವಲ್ಪ ಒಳಗಿದ್ದ ದಲಿತ ಕೇರಿಯವರು, ಹಿನ್ನೀರಲ್ಲಿ ಸಿಗಡಿ, ಏಡಿ ಹಿಡಿದು ಬದುಕುವ ಇರುಳ ಬುಡಕಟ್ಟಿನವರು, ಉಪ್ಪಿನ ಗದ್ದೆಯ ಕೂಲಿಗಳು, ಇವರಿಗೆ ದೋಣಿ ಇರಲಿಲ್ಲ. ದೋಣಿ ಇಲ್ಲ ಅಂದಮೇಲೆ ನಷ್ಟವೇನಾಯಿತು ಅನ್ನುವ ಲೆಕ್ಕ! ಕೆಲವು ಶಿಬಿರಗಳಲ್ಲಿ ದಲಿತರನ್ನು ಸೇರಿಸಲಿಲ್ಲ, ನೀರಿನ ಟ್ಯಾಂಕ್ ಮುಟ್ಟಲು ಬಿಡಲಿಲ್ಲ ಅಂತ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು.

ನಾನೇ ನೋಡಿದ್ದು ಒಂದು ಹೇಳುತ್ತೇನೆ. ಒಂದು ಸಂಸ್ಥೆಯವರು ನಷ್ಟದ ಫಾರಂ ತುಂಬಿಸುತ್ತಿದ್ದರು. ಅದರಲ್ಲಿ ದೋಣಿ, ಬಲೆ, ಎಂಜಿನ್ ಅಂತ ಮೂರು ಕಾಲಂ. ಮೀನು ಮಾರುವ ಅಜ್ಜಿಯೊಬ್ಬರು ತಮ್ಮ ನಷ್ಟ ಹೇಳತೊಡಗಿದರು: ಅಲ್ಯೂಮಿನಿಯಂ ಪಾತ್ರೆ, ತಕ್ಕಡಿ, ಮೀಟರ್ ಬಡ್ಡಿಗೆ ತಂದ ದುಡ್ಡು. ಬರೆಯುತ್ತಿದ್ದ ಹುಡುಗ ಪೆನ್ನು ಹಿಡಿದು ಸುಮ್ನೆ ಕೂತ. ಎಲ್ಲಿ ಬರೆಯಬೇಕು ಅಂತ ಅವನಿಗೂ ಗೊತ್ತಾಗಲಿಲ್ಲ. ಕಡೆಗೆ ಅಜ್ಜಿಯೇ "ಮಗನ ಹೆಸರಲ್ಲಿ ಬಲೆ ಅಂತ ಬರ್ಕೋ ಕಣಪ್ಪ" ಅಂದರು ಅಂತ ಜೊತೆಗಿದ್ದವರು ನನಗೆ ಬಿಡಿಸಿ ಹೇಳಿದರು.

ಹೆಂಗಸರ ವಿಷಯಕ್ಕೆ ಬಂದರೆ ಇನ್ನೂ ಕಹಿ. ಕಡಲೂರು ಜಿಲ್ಲೆಯಲ್ಲಿ ಗಂಡಸರಿಗಿಂತ ಸುಮಾರು ಮೂರು ಪಟ್ಟು ಹೆಂಗಸರು ಸತ್ತರು ಅಂತ ಆಕ್ಸ್‌ಫ್ಯಾಮ್ ಅನ್ನುವ ನೆರವು ಸಂಸ್ಥೆ 2005ರಲ್ಲಿ ಹೇಳಿತು. ಆಳ ಸಮುದ್ರದಲ್ಲಿದ್ದ ಗಂಡಸರಿಗೆ ಅಲೆ ಹೋಗಿದ್ದೇ ಗೊತ್ತಾಗಲಿಲ್ಲ. ಹೆಂಗಸರು ಮೀನಿಗಾಗಿ ದಡದಲ್ಲಿ ಕಾಯುತ್ತಿದ್ದರು. ಬದುಕುಳಿದವರಿಗೆ ಸಿಕ್ಕಿದ್ದು ಟಾರ್ ಶೀಟಿನ ಗುಡಾರ, ಬಿಸಿಲಿಗೆ ಒಳಗೆ ಕೂರಲು ಆಗುತ್ತಿರಲಿಲ್ಲ. ಬೋಲ್ಟು, ದೀಪ ಇಲ್ಲದ ಶೌಚಾಲಯಕ್ಕೆ ರಾತ್ರಿ ಹುಡುಗಿಯರು ಹೇಗೆ ಹೋಗಬೇಕು? ಪರಿಹಾರ ಕೆಲಸಕ್ಕೆ ಸ್ಫಿಯರ್ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಕಡಿಮೆ ಅಂದರೂ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, ಸೂರಿನಡಿ ತಲೆಗೆ 3.5 ಚದರ ಮೀಟರ್ ಜಾಗ, 20 ಜನಕ್ಕೊಂದು ಶೌಚಾಲಯ. ಇದು ಐಷಾರಾಮ ಅಂತ ನಿಮಗೆ ಅನಿಸುತ್ತಾ?

ಹೀಗೆ ಹಕ್ಕು ಕೇಳಿ ಗಲಾಟೆ ಮಾಡಿದ್ದಕ್ಕೆ ಫಲವೂ ಸಿಕ್ಕಿದೆ. ತಮಿಳುನಾಡು ಸರ್ಕಾರ ಹೊಸ ಮನೆಗಳನ್ನು ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೊಟ್ಟಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡುವಾಗ ಜಾತಿ, ಧರ್ಮ, ಲಿಂಗ ನೋಡುವಂತಿಲ್ಲ. ಇದು ನಮ್ಮ ಕೊಡಗಿಗೂ ಕರಾವಳಿಗೂ ಅನ್ವಯಿಸುತ್ತದೆ.

ನೀವು ಸ್ವಯಂಸೇವಕರಾಗಿ ಹೋಗುವ ಯೋಚನೆಯಲ್ಲಿದ್ದರೆ ಬಟ್ಟೆ ಬಿಡಿ, ದುಡ್ಡು ಒಯ್ಯಿರಿ. ಪಟ್ಟಿಯನ್ನು ಪಂಚಾಯತಿ ಗೋಡೆಗೆ ಅಂಟಿಸುವಾಗ ಕೇರಿಯಲ್ಲೂ ಒಂದು ಪ್ರತಿ ಅಂಟಿಸಿ, ಓದಲು ಬಾರದವರಿಗೆ ಜೋರಾಗಿ ಓದಿ ಹೇಳಿ. ಹೆಸರು ಬಿಟ್ಟುಹೋದವರು ಜಗಳಕ್ಕೆ ಬಂದೇ ಬರುತ್ತಾರೆ. ಬರಲಿ. ಆ ದೂರು ಬರೆದುಕೊಳ್ಳಲು ಒಬ್ಬ ಹೆಣ್ಣುಮಗಳನ್ನೂ ಕೂರಿಸಿ.