ಸಮಿತಿಯಲ್ಲಿ ಎಲ್ಲದಕ್ಕೂ "ಹೂಂ" ಅನ್ನುವವರ ಅಭಿಪ್ರಾಯ ತಿಳಿಯುವುದು ಹೇಗೆ?

ಬೌದ್ಧಿಕ ಅಸಾಮರ್ಥ್ಯವಿರುವ ಇಬ್ಬರನ್ನು, ಅವರೇ ಪಡೆಯುವ ಸೇವೆಯ ಬಗ್ಗೆ ಚರ್ಚಿಸುವ ಸಮಿತಿಗೆ ಸೇರಿಸಿಕೊಂಡರೂ ಎಲ್ಲದಕ್ಕೂ "ಹೂಂ" ಅನ್ನುತ್ತಾರೆ ಎಂದಿದ್ದೀರಿ. ತಪ್ಪು ಅವರದಲ್ಲ, ಪ್ರಶ್ನೆಯದು. "ಸೇವೆ ಚೆನ್ನಾಗಿದೆಯಾ?" ಅಂದರೆ ಕೇಳಿದವರನ್ನು ಮೆಚ್ಚಿಸುವ ಉತ್ತರವೇ ಸುಲಭ. ಎರಡು ಆಯ್ಕೆಗಳ ಫೋಟೊ ಮುಂದಿಟ್ಟು "ಯಾವುದು ಬೇಕು?" ಎನ್ನಿ, ಸ್ವಲ್ಪ ಹೊತ್ತು ಬಿಟ್ಟು ಫೋಟೊಗಳ ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ. ಉತ್ತರ ಬದಲಾದರೆ ಅದನ್ನು ಅಭಿಪ್ರಾಯವೆಂದು ಬರೆದುಕೊಳ್ಳಬೇಡಿ, ಪ್ರಶ್ನೆಯನ್ನೇ ಸರಳಗೊಳಿಸಿ. ಕೇಳಿದ ಮೇಲೆ 10 ಸೆಕೆಂಡಾದರೂ ಸುಮ್ಮನಿರಿ, ಸಮಿತಿಯವರಿಗೆ ಇದೇ ಬಲು ಕಷ್ಟ. ಕಾರ್ಯಸೂಚಿ ವಾರ ಮೊದಲೇ, ದೊಡ್ಡ ಅಕ್ಷರದಲ್ಲಿ, ಚಿತ್ರಗಳೊಂದಿಗೆ ಕೈಸೇರಲಿ. ಮೂರು ವಿಷಯ ಸಾಕು. ಜೊತೆಗೆ ಬರುವ ಸಹಾಯಕರು ಅದೇ ಸೇವೆಯ ಸಿಬ್ಬಂದಿ ಆಗಿರಲೇಬಾರದು. ನಾಳೆಯೂ ಅವರನ್ನೇ ನಂಬಿ ಬದುಕಬೇಕಾದವರು ಅವರೆದುರೇ ದೂರು ಹೇಳುವುದಾದರೂ ಹೇಗೆ? ಹೇಳಿದ್ದರಿಂದ ಏನು ಬದಲಾಯಿತು, ಏನು ಆಗಲಿಲ್ಲ ಎಂಬುದನ್ನು ಮುಂದಿನ ಸಭೆಯಲ್ಲಿ ಮೊದಲು ತಿಳಿಸಿ.